ರಕ್ತದ ಕ್ಯಾನ್ಸರ್ ಚಿಕಿತ್ಸೆ: ಮಗು ಎಡವಿದರೆ ಗಾಬರಿ ಬೇಡ

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗು ನಡೆಯುವಾಗ ಪದೇ ಪದೇ ಎಡವುತ್ತದೆ. ಚಪ್ಪಲಿ ಕಾಲಿನಿಂದ ಜಾರುತ್ತದೆ. ಅಂಗಿಯ ಗುಂಡಿ ಹಾಕಲು ತಡಕಾಡುತ್ತದೆ. ರೋಗ ಮೆದುಳಿಗೇರಿತೆಂದು ತಂದೆ ತಾಯಿ ಹೆದರುತ್ತಾರೆ. ಕೆಲವರು ಈ ಔಷಧಿಯೇ ಬೇಡವೆಂದು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. ಆ ಹೆದರಿಕೆ ಬಹಳ ಸಲ ನಿರಾಧಾರ. ಚಿಕಿತ್ಸೆ ಬಿಡುವುದು ಮಾತ್ರ ಪ್ರಾಣಕ್ಕೇ ಅಪಾಯ.

ಕಾರಣವೇನು?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ‘ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ’. ಇದಕ್ಕೆ ಕೊಡುವ ಮುಖ್ಯ ಔಷಧಿಗಳಲ್ಲಿ ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ಒಂದು. ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ ದೊರೆತ ಈ ಔಷಧಿಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀವಕೋಶ ಎರಡಾಗಲು ಬೇಕಾದ ಸೂಕ್ಷ್ಮ ನಳಿಕೆಗಳು ರೂಪುಗೊಳ್ಳದಂತೆ ತಡೆದು ಇದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ನರಗಳೊಳಗೆ ಪೋಷಕ ವಸ್ತುಗಳು ಸಾಗುವುದೂ ಇಂಥ ನಳಿಕೆಗಳ ಮೂಲಕವೇ. ಆದ್ದರಿಂದ ಅತಿ ಉದ್ದವಾದ, ಪಾದದವರೆಗೆ ಹೋಗುವ ನರಗಳಿಗೆ ಮೊದಲು ಪೆಟ್ಟು ಬೀಳುತ್ತದೆ.

ಲಕ್ಷಣಗಳು

ಬೆರಳುಗಳಲ್ಲಿ ಜೋಮು, ಮುಂಗಾಲನ್ನು ಎತ್ತಲಾಗದಿರುವುದು, ದವಡೆ ನೋವು, ಮಲಬದ್ಧತೆ, ಕೆಲವೊಮ್ಮೆ ಜೋತುಬಿದ್ದ ಕಣ್ಣುರೆಪ್ಪೆ. ದವಡೆ ನೋವು ಚುಚ್ಚುಮದ್ದಿನ ನಂತರ ಕೆಲವೇ ದಿನಗಳಲ್ಲಿ ಬಂದು ಹೋಗುತ್ತದೆ. ಕಾಲಿನ ನಿಶ್ಶಕ್ತಿ ಸುಧಾರಿಸಲು ವಾರಗಳು, ತಿಂಗಳುಗಳು ಬೇಕಾಗಬಹುದು. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಅಲ್ಪಸ್ವಲ್ಪ ತೊಂದರೆ ಉಳಿಯುವುದೂ ಉಂಟು.

ನೀವು ಮಾಡಬೇಕಾದುದು

ಮುಂದಿನ ಭೇಟಿಯವರೆಗೆ ಕಾಯದೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಿ. ಔಷಧಿಯ ಪ್ರಮಾಣ ತಗ್ಗಿಸುವುದು, ಕೆಲಕಾಲ ತಡೆಹಿಡಿಯುವುದು ಅವರ ನಿರ್ಧಾರ. ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ನಂಥ ಮಾತ್ರೆಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. ಬೇರೆ ಯಾರೇ ಔಷಧಿ ಬರೆದುಕೊಟ್ಟರೂ ಕ್ಯಾನ್ಸರ್ ವೈದ್ಯರಿಗೆ ತೋರಿಸಿಯೇ ಕೊಡಿ. ಮಲಬದ್ಧತೆಗೆ ಮನೆಯಲ್ಲಿ ಎನಿಮಾ ಬೇಡ; ಸೋಂಕು ತಗಲಬಹುದು. ಔಷಧಿ ನಿತ್ಯಪುಷ್ಪದ್ದೇ ಎಂದು ಅದರ ಎಲೆಯ ಕಷಾಯವನ್ನಂತೂ ಕುಡಿಸಲೇಬೇಡಿ, ಅದು ವಿಷವಾದೀತು. ಫಿಜಿಯೊಥೆರಪಿ, ಪಾದಕ್ಕೆ ಆಧಾರ ಕೊಡುವ ಪಟ್ಟಿ, ಹಿಂಪಟ್ಟಿಯಿರುವ ಚಪ್ಪಲಿ ಸಹಾಯಕ. ಜೋಮು ಹಿಡಿದ ಪಾದಕ್ಕೆ ಗಾಯ, ಬಿಸಿ ತಗಲಿದರೂ ತಿಳಿಯದು, ಪ್ರತಿದಿನ ಪರೀಕ್ಷಿಸಿ.

ತಡಮಾಡಬಾರದ ಚಿಹ್ನೆಗಳು

ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮೆಥೊಟ್ರೆಕ್ಸೇಟ್ ಕೊಟ್ಟ ಎರಡು ವಾರಗಳೊಳಗೆ ಕೆಲವು ಮಕ್ಕಳಿಗೆ ಪಾರ್ಶ್ವವಾಯುವಿನಂತೆ ಒಂದು ಪಕ್ಕದ ಕೈಕಾಲು ಸೋಲುತ್ತದೆ, ಮಾತು ತೊದಲುತ್ತದೆ. ಸಾಮಾನ್ಯವಾಗಿ ಇದೂ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಆದರೆ ರಕ್ತಸ್ರಾವ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಫಿಟ್ಸ್, ಅತಿಯಾದ ಮಂಪರು, ಉಸಿರಾಟದ ತೊಂದರೆ, ಹೊಟ್ಟೆ ಉಬ್ಬರದೊಂದಿಗೆ ವಾಂತಿ, ಜ್ವರ — ಇವಕ್ಕೂ ಇದೇ ಮಾತು.

ಈ ಕ್ಯಾನ್ಸರಿನ ಚಿಕಿತ್ಸೆ ಎರಡು-ಮೂರು ವರ್ಷಗಳದ್ದು. ಪೂರ್ತಿ ಮುಗಿಸಿದ ಮಕ್ಕಳಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ. ಸೋತ ಕಾಲು ಮತ್ತೆ ಬಲಗೊಳ್ಳಬಲ್ಲದು. ನಡುವೆ ಬಿಟ್ಟ ಚಿಕಿತ್ಸೆಯಿಂದ ಮರುಕಳಿಸಿದ ರೋಗವನ್ನು ಹತೋಟಿಗೆ ತರುವುದು ಬಹಳ ಕಷ್ಟ.