ಕಾವಲಿಯ ಮುಂದೆ ನಿಂತವಳ ಬೆಲೆ



ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ನೀವು ಒಂದು ಸಂಜೆ ಲಾಸ್ ಏಂಜಲೀಸಿನ ಸಣ್ಣ ಹೋಟೆಲೊಂದಕ್ಕೆ ಕಾಲಿಟ್ಟಿದ್ದೀರಿ ಎಂದುಕೊಳ್ಳಿ. ಒಳಗಿನಿಂದ ಹಿಟ್ಟು ತಟ್ಟುವ ಸದ್ದು ಕೇಳಿಸುತ್ತದೆ. ಬಿಸಿ ಕಾವಲಿಯ ಮುಂದೆ ಒಬ್ಬ ಮಹಿಳೆ ನಿಂತಿದ್ದಾಳೆ. ಒಂದು ಕ್ಷಣ ನಿಮಗೆ ನಿಮ್ಮ ಅಡುಗೆಮನೆಯೇ ನೆನಪಾಗದಿರದು. ಆದರೆ ಅದು ಎಲ್ ಸಾಲ್ವಡಾರ್ ದೇಶದವರ ಹೋಟೆಲು. ಅಲ್ಲಿ ಬೇಯುತ್ತಿರುವುದು ಪುಪುಸಾ ಎಂಬ ದಪ್ಪ ರೊಟ್ಟಿ.

ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಪುಟ್ಟ ದೇಶ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಒಂಬತ್ತನೇ ಒಂದು ಭಾಗದಷ್ಟು ಮಾತ್ರ. ಅಲ್ಲಿಯವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು ಅರೆಯುತ್ತಾರೆ. ಜೋಳದಲ್ಲಿರುವ ಬಿ3 ಜೀವಸತ್ವ ದೇಹಕ್ಕೆ ದಕ್ಕುವುದು ಈ ಸುಣ್ಣದಿಂದಲೇ. ಹೋಳಿಗೆಗೆ ಹೂರಣ ತುಂಬುವಂತೆ ಹಿಟ್ಟಿನ ಉಂಡೆಯೊಳಗೆ ಚೀಸ್, ಅರೆದ ಬೀನ್ಸ್ ಕಾಳು ಅಥವಾ ಲೊರೊಕೊ ಎಂಬ ಬಳ್ಳಿಯ ಹೂಮೊಗ್ಗು ಇಟ್ಟು ಕೈಯಲ್ಲೇ ತಟ್ಟಿ ಬೇಯಿಸುತ್ತಾರೆ. ಓಲೊಕ್ವಿಲ್ತಾ ಎಂಬ ಊರು ಅಕ್ಕಿಹಿಟ್ಟಿನ ಪುಪುಸಾಗೆ ಹೆಸರುವಾಸಿ. ಜೊತೆಗೆ ಕುರ್ತಿದೊ ಎಂಬ ಹುಳಿ ಎಲೆಕೋಸು ಮತ್ತು ಟೊಮೆಟೊ ಸಾರು ಬರುತ್ತದೆ. ಚಮಚ ಹುಡುಕಬೇಡಿ. ಅದನ್ನು ಕೈಯಲ್ಲಿ ಮುರಿದು ತಿನ್ನುವುದೇ ಅಲ್ಲಿಯ ರೂಢಿ.

ಆದರೆ ಒಂದು ಎಚ್ಚರ ಅಗತ್ಯ. 'ರೆವುವೆಲ್ತಾ' ಎಂಬ ಬಗೆಯಲ್ಲಿ ಹಂದಿಮಾಂಸ ಇರುತ್ತದೆ. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದೂ ಉಂಟು. ಎಲ್ಲವನ್ನೂ ಒಂದೇ ಕಾವಲಿಯಲ್ಲಿ ಬೇಯಿಸುವ ಕಡೆಯೂ ಇದೆ. ಆದ್ದರಿಂದ ಸಂಕೋಚಪಡದೆ ಕೇಳಿ. 'ಸಿನ್ ಸೆರ್ದೊ' ಎಂದರೆ ಹಂದಿಮಾಂಸ ಬೇಡ, 'ಸಿನ್ ಮಾಂತೆಕಾ' ಎಂದರೆ ಹಂದಿ ಕೊಬ್ಬು ಬೇಡ ಎಂದರ್ಥ. ಮನಸ್ಸಿಗೆ ಸಮಾಧಾನವಾಗದಿದ್ದರೆ ಒಂದು ಲೋಟ ಹುಣಸೆ ಪಾನಕ ಕುಡಿದು ನಗುತ್ತಾ ಎದ್ದು ಬನ್ನಿ. ಹಲಾಲ್ ವಿಚಾರಿಸುವುದು ನಮ್ಮ ಹೊಣೆ. ಇನ್ನೊಬ್ಬರ ಊಟವನ್ನು ಕಂಡು ಮುಖ ಸಿಂಡರಿಸುವುದು ಹೊಣೆಯಲ್ಲ.

ಅಷ್ಟು ದೂರದ ರೊಟ್ಟಿ ಇಲ್ಲಿಗೇಕೆ ಬಂತು ಎಂದು ಯೋಚಿಸಿದ್ದೀರಾ? 1980ರಿಂದ 1992ರವರೆಗೆ ಎಲ್ ಸಾಲ್ವಡಾರ್‌ನಲ್ಲಿ ಅಂತರ್ಯುದ್ಧ ನಡೆಯಿತು. ಸುಮಾರು 75 ಸಾವಿರ ಮಂದಿ ಸತ್ತರು. ಲಕ್ಷಾಂತರ ಜನ ಊರು ಬಿಟ್ಟು ಅಮೆರಿಕ ಸೇರಿದರು. ಕೈಯಲ್ಲಿ ಹಣವಿಲ್ಲದ, ಆ ನೆಲದ ಭಾಷೆ ಬಾರದ ಹೆಣ್ಣಿಗೆ ಉಳಿದ ಬಂಡವಾಳವೇನು? ತಾಯಿಯಿಂದ ಕಲಿತ ರೊಟ್ಟಿ ತಟ್ಟುವ ವಿದ್ಯೆ! ಅದೇ ಎಷ್ಟೋ ಮನೆಗಳ ಒಲೆ ಉರಿಸಿತು. ಇಂದಿಗೂ ಹೊರದೇಶದಲ್ಲಿರುವವರು ಕಳಿಸುವ ಹಣ ಆ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಗಲ್ಫಿನ ಹಣದಲ್ಲಿ ಸೂರು ಕಂಡ ನಮ್ಮ ಕರಾವಳಿಯ ಮನೆಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2005ರಲ್ಲಿ ಅಲ್ಲಿಯ ಶಾಸನಸಭೆ ಪುಪುಸಾವನ್ನು ರಾಷ್ಟ್ರೀಯ ಖಾದ್ಯವೆಂದು ಘೋಷಿಸಿತು. ನವೆಂಬರಿನ ಎರಡನೇ ಭಾನುವಾರ ಅದರ ದಿನವಾಯಿತು. ಹೆಂಗಸರ ಕೈಕೆಲಸಕ್ಕೆ ಒಂದು ದೇಶವೇ ಗೌರವ ಕೊಟ್ಟಿತು.

ನಮ್ಮ ಮನೆಗಳಲ್ಲಿ? ದಿನವೂ ಇಪ್ಪತ್ತು ರೊಟ್ಟಿ ತಟ್ಟುವವಳನ್ನು 'ಏನು ಕೆಲಸ ಮಾಡುತ್ತಾಳೆ' ಎಂದು ಕೇಳಿದರೆ 'ಏನಿಲ್ಲ, ಮನೆಯಲ್ಲೇ ಇದ್ದಾಳೆ' ಎನ್ನುತ್ತೇವೆ. ಎಲ್ಲರೂ ಉಂಡ ಮೇಲೆ ಆರಿದ ರೊಟ್ಟಿ ತಿನ್ನುವವಳೂ ಅವಳೇ.

ಆ ಹೋಟೆಲಿನಿಂದ ಹೊರಡುವಾಗ ಕಾವಲಿಯ ಮುಂದಿರುವವಳಿಗೆ 'ಗ್ರಾಸಿಯಾಸ್' ಎನ್ನಿ, ಧನ್ಯವಾದ ಎಂದರ್ಥ. ಊರಿಗೆ ಮರಳಿದ ಮೇಲೆ ನಿಮ್ಮ ಗಂಡುಮಕ್ಕಳಿಗೂ ಒಂದು ಮಾತು ಕಲಿಸಿ: "ಉಮ್ಮಾ, ನೀವೂ ಬನ್ನಿ, ಬಿಸಿ ಇರುವಾಗಲೇ ಒಟ್ಟಿಗೆ ಉಣ್ಣೋಣ."