ಕರಿಹಲಗೆಯ ಮೇಲೆ ಬೆಂಗಳೂರು

ನವೆಂಬರಿನ ಒಂದು ಶನಿವಾರ. ಅರ್ಧ ದಿನದ ಶಾಲೆ ಮುಗಿದು ಗಂಟೆ ಬಾರಿಸಿಯಾಗಿದೆ. ಹಾನಗಲ್ಲ ತಾಲ್ಲೂಕಿನ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಕೋಣೆ ಮಾತ್ರ ಇನ್ನೂ ಖಾಲಿಯಾಗಿಲ್ಲ. ಬಾಗಿಲಲ್ಲಿ ಎಂಟನೆಯವರು ಇಣುಕುತ್ತಿದ್ದಾರೆ, ಕಿಟಕಿಯ ಸರಳು ಹಿಡಿದು ಹತ್ತನೆಯವರು ನಿಂತಿದ್ದಾರೆ. ಕರಿಹಲಗೆಯ ಎಡಗಡೆ ಹೆಡ್ ಮಾಸ್ತರರು ದುಂಡಗೆ ಬರೆದ ಪಟ್ಟಿ: ವಿಧಾನಸೌಧ, ಲಾಲ್‌ಬಾಗ್, ಇಸ್ಕಾನ್, ದೊಡ್ಡ ಬಸವಣ್ಣನ ಗುಡಿ, ಟಿಪ್ಪು ಅರಮನೆ, ಬನ್ನೇರುಘಟ್ಟ, ಮ್ಯೂಸಿಯಂ, ತಾರಾಲಯ, ಹೋಗುವಾಗ ಚಿತ್ರದುರ್ಗದ ಕೋಟೆ, ಸಮಯ ಉಳಿದರೆ ನಂದಿಬೆಟ್ಟ. ಬಲಗಡೆ ಮಕ್ಕಳು ಕೂಗಿ ಬರೆಸಿದ್ದು: ವಂಡರ್‌ಲಾ, ಮೆಟ್ರೊ, ಮಾಲ್, ವಿಮಾನ ಇಳಿಯೂ ಜಾಗ. ಅದರ ಕೆಳಗೆ ಯಾರೋ ಸೀಮೆಸುಣ್ಣ ಕಸಿದುಕೊಂಡು ‘ಹೀರೋನ ಮನಿ’ ಎಂದು ಗೀಚಿ ಹಿಂದಿನ ಬೆಂಚಿಗೆ ಓಡಿದ್ದಾರೆ.

"ಸರ, ಇದನ್ನೆಲ್ಲಾ ನೋಡಾಕ ಒಂದ್ ವಾರ ಬೇಕ್ರಿ," ಎನ್ನುತ್ತಾರೆ ವಿಜ್ಞಾನದ ಟೀಚರ್.

"ಅಷ್ಟ ದೂರ ಹೋಗಿ ನೋಡದ ಬಂದ್ರ ಹೆಂಗ್ರಿ ಟೀಚರ್? ಏನೇನ್ ತೋರಿಸಿದ್ರಿ ಅಂತ ಪಾಲಕರು ಕೇಳೂದಿಲ್ಲೇನು?"

ಹೆಡ್ ಮಾಸ್ತರರ ಮಾತಿನಲ್ಲಿ ತಪ್ಪಿಲ್ಲ. ಆದರೆ ಎಷ್ಟೋ ಶಾಲೆಗಳ ಪ್ರವಾಸ ಕೆಡುವುದು ಈ ಮಾತಿನಿಂದಲೇ. ಬಸ್ಸು ನಿಲ್ಲುತ್ತದೆ, ಸೀಟಿ ಊದುತ್ತದೆ, ಹತ್ತು ನಿಮಿಷ ಕಳೆಯುವುದರೊಳಗೆ ಮತ್ತೆ ಸೀಟಿ. ಮಕ್ಕಳು ನೋಡಿದ್ದು ಎದುರಿನವನ ಬೆನ್ನು. ಊರಿಗೆ ಬಂದ ಮೇಲೆ ನೆನಪಿರುವುದು ಯಾವ ಹೋಟೆಲಿನಲ್ಲಿ ಪೂರಿ ಚೆನ್ನಾಗಿತ್ತು ಎನ್ನುವುದಷ್ಟೆ. ಪಟ್ಟಿ ಉದ್ದವಾದಷ್ಟೂ ನೋಡುವುದು ಕಡಿಮೆಯಾಗುತ್ತದೆ ಎಂಬುದನ್ನು ಈ ಟೀಚರ್ ಬಲ್ಲರು. ಅದಕ್ಕೇ ಅವರ ಕೈಯಲ್ಲಿ ಸೀಮೆಸುಣ್ಣಕ್ಕಿಂತ ಮೊದಲು ಡಸ್ಟರ್ ಇದೆ.

ಮೊದಲು ಗಣಿತ. ಹಾವೇರಿಯಿಂದ ಬೆಂಗಳೂರಿಗೆ ಸುಮಾರು 340 ಕಿಲೋಮೀಟರ್. ಇಲ್ಲಿಂದ ಹಾವೇರಿ ಮುಟ್ಟುವುದು ಬೇರೆ. ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಎಂದು ಹುಡುಗಿಯೊಬ್ಬಳು ನಕಾಶೆಯ ಮೇಲೆ ಬೆರಳಾಡಿಸುತ್ತಾಳೆ. ತಿಂಡಿಗೆ ಒಮ್ಮೆ, ಊಟಕ್ಕೆ ಒಮ್ಮೆ, ವಾಂತಿಗೆ ಎಷ್ಟು ಸಲವೋ ಅಷ್ಟು ಸಲ ಬಸ್ಸು ನಿಲ್ಲಬೇಕು. ನೆಲಮಂಗಲ ದಾಟಿದ ಮೇಲೆ ಗಡಿಯಾರ ನೋಡಿ ಫಲವಿಲ್ಲ. ಎಂಟು ತಾಸು ಹಿಡಿಯಿರಿ ಎನ್ನುತ್ತಾರೆ ಗಣಿತದ ಮಾಸ್ತರರು. ಹಾಗಾದರೆ ಚಿತ್ರದುರ್ಗದ ಕೋಟೆ? ಅದೊಂದಕ್ಕೇ ಒಂದು ದಿನ ಬೇಕು. ಡಸ್ಟರ್ ಆಡಿತು, ನಂದಿಬೆಟ್ಟವೂ ಅದರ ಹಿಂದೆಯೇ ಹೋಯಿತು.

ರಾತ್ರಿ ಬಸ್ಸಿನಲ್ಲಿ ಹೊರಟರೆ ಒಂದು ಹಗಲು ಉಳಿಯುತ್ತದಲ್ಲ ಎಂದು ಹುಡುಗನೊಬ್ಬ ಜಾಣತನ ತೋರಿಸುತ್ತಾನೆ. ಇಲಾಖೆ ಅದಕ್ಕೆ ಒಪ್ಪುವುದಿಲ್ಲ. ರಾತ್ರಿ ಪ್ರಯಾಣ ಕೂಡದು, ಪ್ರವಾಸ ಡಿಸೆಂಬರ್ ಮುಗಿಯುವುದರೊಳಗೆ ಆಗಬೇಕು, ಪಾಲಕರ ಒಪ್ಪಿಗೆ ಪತ್ರ ಬೇಕು, ಮೇಲಧಿಕಾರಿಗಳ ಅನುಮತಿ ಕೈಗೆ ಬರುವವರೆಗೆ ಬಸ್ಸಿನ ಗಾಲಿ ಉರುಳಬಾರದು. ಈ ಕಾಗದಗಳ ಬಗ್ಗೆ ಗೊಣಗುವ ಮಾಸ್ತರರು ಎಲ್ಲ ಶಾಲೆಯಲ್ಲೂ ಇದ್ದಾರೆ. ಆದರೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ, ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಮೇಲೆ ಆ ಗೊಣಗಾಟದ ದನಿ ತಗ್ಗಿದೆ. ಆ ವಾರ ಊರೂರಿನ ಸ್ಟಾಫ್ ರೂಮುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬಸ್ಸು ಸಾರಿಗೆ ಸಂಸ್ಥೆಯದ್ದೇ ಆಗಬೇಕು ಎಂದು ಇಲ್ಲಿ ಯಾರೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ಇನ್ನು ವಾರ ಯಾವುದು? ಭಾನುವಾರ ಹೊರಟು ಸೋಮವಾರ ಊರು ನೋಡುವುದೆಂದು ಹೆಡ್ ಮಾಸ್ತರರು ಗುರುತು ಹಾಕಿದ್ದರು. ಟೀಚರ್ ತಲೆಯಾಡಿಸುತ್ತಾರೆ. ಸೋಮವಾರ ತಾರಾಲಯಕ್ಕೆ ರಜೆ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ರಜೆ. ಮಂಗಳವಾರ ಹೋದರೆ ಬನ್ನೇರುಘಟ್ಟದ ಪ್ರಾಣಿಗಳಿಗೆ ರಜೆ. ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಿ ಮುಚ್ಚಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬಂದ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ಶನಿವಾರ ನಸುಕಿನಲ್ಲಿ ಹೊರಡುವುದು, ಭಾನುವಾರ ಇಡೀ ದಿನ ಬೆಂಗಳೂರು, ಸೋಮವಾರ ಬೆಳಿಗ್ಗೆ ವಾಪಸು. ಭಾನುವಾರ ಜನಜಂಗುಳಿ ಇರುತ್ತದೆ, ನಿಜ. ಆದರೆ ಅಂದು ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ನಲವತ್ತೈದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗುವವರಿಗೆ ಅದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ. ಸಂಜೆ ವಿಧಾನಸೌಧಕ್ಕೆ ದೀಪ ಹಾಕುವುದನ್ನೂ ಭಾನುವಾರ ನೋಡಬಹುದು.

"ಲೈಟ್ ಹಾಕಿದ್ದು ನೋಡೂಣ್ರೀ ಟೀಚರ್!" ಹಿಂದಿನ ಬೆಂಚಿನಿಂದ ಐದಾರು ದನಿ.

ಅಲ್ಲಿಂದ ಪಟ್ಟಿ ಬೇಗ ಬೇಗ ಕರಗಿತು. ವಂಡರ್‌ಲಾ ಅಳಿಸುವಾಗ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯ ಕನ್ನಡ ಮಾಸ್ತರರು ಬಂದು ನೋಡಿ ಹೋದರು. ಅದು ಇರುವುದು ಬಿಡದಿಯ ಹತ್ತಿರ, ಹೋಗಿ ಬರುವುದಕ್ಕೇ ಒಂದು ದಿನ, ಟಿಕೆಟಿನ ದುಡ್ಡಿನಲ್ಲಿ ಉಳಿದದ್ದನ್ನೆಲ್ಲ ನೋಡಬಹುದು ಎಂದು ಲೆಕ್ಕ ಬಿಡಿಸಿ ತೋರಿಸಿದ ಮೇಲೆ ಗದ್ದಲ ಗುಸುಗುಸುವಾಯಿತು. ಮಾಲ್ ಯಾಕೆ ಬೇಕು ಎಂದು ಕೇಳಿದರೆ ಉತ್ತರ ಬಂದದ್ದು ಒಂದೇ: "ತಾನ ಏರೂ ಮೆಟ್ಟಲಾ ನೋಡಾಕ್ರೀ." ಎಸ್ಕಲೇಟರ್ ಮೆಟ್ರೊ ನಿಲ್ದಾಣದಲ್ಲೇ ಸಿಗುತ್ತದೆ ಎಂದು ತಿಳಿದದ್ದೇ ತಡ, ಮಾಲ್ ಅಳಿಸಲು ಮಕ್ಕಳೇ ಎದ್ದು ಬಂದರು.

ಕೊನೆಗೆ ಉಳಿದದ್ದು ಇಷ್ಟು. ಶನಿವಾರ ಮಧ್ಯಾಹ್ನದ ಮೇಲೆ ತಾರಾಲಯ. ಭಾನುವಾರ ಲಾಲ್‌ಬಾಗ್, ಮೆಟ್ರೊ, ವಿಶ್ವೇಶ್ವರಯ್ಯ ಮ್ಯೂಸಿಯಂ, ಸಂಜೆಗೆ ವಿಧಾನಸೌಧ. ಹೆಡ್ ಮಾಸ್ತರರ ಮುಖ ಸಣ್ಣಗಾಗಿದೆ. ದೊಡ್ಡ ಬಸವಣ್ಣನನ್ನಾದರೂ ಇಟ್ಟುಕೊಳ್ಳಿ ಎಂದು ಕಣ್ಣಲ್ಲೇ ಕೇಳುತ್ತಿದ್ದಾರೆ. ಲಾಲ್‌ಬಾಗಿಗೆ ಹತ್ತಿರವೇ, ಬೆಳಿಗ್ಗೆ ಬೇಗ ಎದ್ದರೆ ಆಗುತ್ತದೆ ಎಂದು ಟೀಚರ್ ಅದನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದರು. ಹಿರಿಯರನ್ನು ನಡೆಸಿಕೊಂಡು ಹೋಗುವುದೂ ಪ್ರವಾಸದ ತಯಾರಿಯಲ್ಲೇ ಬರುತ್ತದೆ.

ಇಲ್ಲಿಂದ ಮುಂದಿನದನ್ನು ನೋಡಿಯೇ ನಾನು ಈ ಲೇಖನ ಬರೆಯಲು ಕುಳಿತದ್ದು. ಒಂದೊಂದು ಜಾಗವನ್ನು ಒಂದೊಂದು ಗುಂಪಿಗೆ ಹಂಚಿದರು. ಆ ಜಾಗದಲ್ಲಿ ಏನಿದೆ, ಅಲ್ಲಿ ಏನು ಕೇಳಬೇಕು, ನೀರು ಮತ್ತು ಶೌಚಾಲಯ ಎಲ್ಲಿ, ಎಷ್ಟು ಹೊತ್ತು ಬೇಕು, ಎಲ್ಲವನ್ನೂ ಆ ಗುಂಪೇ ಹುಡುಕಿ ತರಬೇಕು. ಬೆಂಗಳೂರು ನೋಡಿದವರು ಮನೆಯಲ್ಲಿ ಯಾರಾದರೂ ಇದ್ದರೆ ಅವರನ್ನು ಕೇಳಬೇಕು. ಈ ಊರಿನಿಂದ ಬೆಂಗಳೂರಿಗೆ ಹೋದವರು ಕಡಿಮೆಯೇನಿಲ್ಲ. ಒಬ್ಬಳ ಅಣ್ಣ ಪೀಣ್ಯದ ಕಾರ್ಖಾನೆಯಲ್ಲಿದ್ದಾನೆ, ಇನ್ನೊಬ್ಬನ ಕಾಕಾ ಕಟ್ಟಡದ ಗಾರೆ ಕೆಲಸಕ್ಕೆ ಹೋಗಿ ಬರುತ್ತಾನೆ. ಅಪ್ಪ ಕಟ್ಟುವ ಊರನ್ನು ಮಗ ನೋಡಲು ಹೋಗುವ ಪ್ರವಾಸವೂ ಇದೇ ಬಸ್ಸಿನಲ್ಲಿದೆ.

ಲಾಲ್‌ಬಾಗಿನ ಗುಂಪು ಒಂದು ವಾರದ ಮೇಲೆ ವರದಿ ಒಪ್ಪಿಸಿತು. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿದ್ದು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಎಲ್ಲ ಸರಿಯಾಗಿತ್ತು. ಮಕ್ಕಳಿಗೆ ರುಚಿಸಿದ್ದು ಮಾತ್ರ ಹೂವೂ ಅಲ್ಲ, ಗಾಜೂ ಅಲ್ಲ, ಬಂಡೆ. ತೋಟದೊಳಗಿನ ಆ ಗುಡ್ಡದ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. 300 ಕೋಟಿಗೆ ಎಷ್ಟು ಸೊನ್ನೆ ಎಂದು ಹಲಗೆಯ ಮೇಲೆ ಬರೆಯಲು ಹೋಗಿ ಮೂವರು ಮೂರು ಥರ ಬರೆದರು. "ಅದರ ಮ್ಯಾಲೆ ಕುಂದರಾಕ ಬಿಡ್ತಾರೇನ್ರಿ?" ಬಿಡುತ್ತಾರೆ. ಹಾಗಾದರೆ ಬುತ್ತಿ ಅಲ್ಲೇ ಬಿಚ್ಚುವುದೆಂದು ತೀರ್ಮಾನವಾಗುವಷ್ಟರಲ್ಲಿ, ತೋಟದೊಳಗೆ ಊಟಕ್ಕೆ ಅವಕಾಶವಿದೆಯೋ ಇಲ್ಲವೋ ಮೊದಲು ಕೇಳಿಕೊಳ್ಳಿ ಎಂದು ಟೀಚರ್ ತಡೆದರು.

ಮೆಟ್ರೊ ಗುಂಪಿನದು ಇನ್ನೂ ಗಟ್ಟಿ ತಯಾರಿ. ಲಾಲ್‌ಬಾಗ್ ನಿಲ್ದಾಣದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿಯುವುದು. ಮೊದಲು ಮೇಲ್ಸೇತುವೆಯ ಮೇಲೆ ಓಡುವ ರೈಲು ನ್ಯಾಷನಲ್ ಕಾಲೇಜು ದಾಟಿದ ಮೇಲೆ ನೆಲದೊಳಕ್ಕೆ ಇಳಿಯುತ್ತದೆ. ಹಾಗೆ ಇಳಿದು ಮುಟ್ಟುವ ಮೊದಲ ನಿಲ್ದಾಣವೇ ಕೆ.ಆರ್. ಮಾರ್ಕೆಟ್. ಅದರ ಮೇಲಿನ ಬೀದಿಯಲ್ಲೇ 1905ರಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ದೀಪಗಳು ಉರಿದದ್ದು. ವಿದ್ಯುತ್ ಬಂದದ್ದು ಶಿವನಸಮುದ್ರದಿಂದ. 1902ರಲ್ಲಿ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಊರಿಗೆ ಆಮೇಲೆ. ಇದನ್ನು ಸಮಾಜ ವಿಜ್ಞಾನದ ಮಾಸ್ತರರು ರೈಲಿನಲ್ಲೇ, ಆ ನಿಲ್ದಾಣ ಬರುವ ಹೊತ್ತಿಗೇ ಹೇಳಬೇಕೆಂದು ಗುಂಪು ಅವರಿಗೆ ಸಮಯ ನಿಗದಿ ಮಾಡಿಕೊಟ್ಟಿದೆ. "ಎಷ್ಟ ನಿಮಿಷ ಕೊಡ್ತೀರಿ?" ಎಂದು ಅವರು ಕೇಳಿದರೆ, "ಎರಡ್ರೀ ಸರ," ಎಂದಿದ್ದಾರೆ.

ಮೆಟ್ರೊದ ಬಾಗಿಲು ಯಾರಿಗಾಗಿಯೂ ಕಾಯುವುದಿಲ್ಲ. ಅದಕ್ಕಾಗಿ ಶಾಲೆಯ ಅಂಗಳದಲ್ಲಿ ತಾಲೀಮು. ಪಿ.ಇ. ಮಾಸ್ತರರು ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆದು ನಾಲ್ಕು ಬಾಗಿಲು ಗುರುತಿಸಿದರು. ಒಂದೊಂದು ಬಾಗಿಲಿಗೆ ಹನ್ನೊಂದೋ ಹನ್ನೆರಡೋ ಮಕ್ಕಳು, ಒಬ್ಬ ಶಿಕ್ಷಕರು. ಶಿಕ್ಷಕರು ಹತ್ತುವುದು ಕೊನೆಗೆ. ಸೀಟಿ ಊದಿದೊಡನೆ ಇಳಿಯುವವರಿಗೆ ದಾರಿ ಬಿಟ್ಟು ಒಳಗೆ ನುಗ್ಗಬೇಕು. ಮೊದಲ ಸಲ ಇಡೀ ತರಗತಿ ಒಂದೇ ಬಾಗಿಲಿಗೆ ಮುಗಿಬಿತ್ತು. ಸುಣ್ಣವೆಲ್ಲ ಪಾದಕ್ಕೆ ಮೆತ್ತಿ ಗೆರೆಯೇ ಉಳಿಯಲಿಲ್ಲ. ಬಿಸಿಯೂಟದ ಅಮ್ಮಂದಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾಲ್ಕನೆಯ ಸಲಕ್ಕೆ ಸರಿಹೋಯಿತು. ಯಾರಾದರೂ ಹಿಂದೆ ಉಳಿದರೆ? ನಿಂತಲ್ಲೇ ನಿಲ್ಲಬೇಕು, ಹುಡುಕಿಕೊಂಡು ಬರುವುದು ಮಾಸ್ತರರ ಕೆಲಸ. ಇದೊಂದನ್ನು ದಿನಾ ಪ್ರಾರ್ಥನೆಯ ಹೊತ್ತಿಗೆ ಬಾಯಿಪಾಠ ಮಾಡಿಸುತ್ತಿದ್ದಾರೆ. ಎಲ್ಲರ ಜೇಬಿನಲ್ಲೂ ಶಾಲೆಯ ಹೆಸರು, ಇಬ್ಬರು ಶಿಕ್ಷಕರ ಫೋನ್ ನಂಬರು ಬರೆದ ಚೀಟಿ.

ಮ್ಯೂಸಿಯಮ್ಮಿಗೆ ಮೂರು ತಾಸು ಮೀಸಲು. ಅಂಗಳದಲ್ಲಿ ನಿಲ್ಲಿಸಿರುವ ಎಚ್‌.ಎಫ್‌.-24 ಮಾರುತ್ ವಿಮಾನ ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲೇ ರೂಪುಗೊಂಡು 1961ರಲ್ಲಿ ಮೊದಲು ಹಾರಿದ್ದು. ಹೀಗಾಗಿ ‘ವಿಮಾನ ಇಳಿಯೂ ಜಾಗ’ದ ಬೇಡಿಕೆ ಅರ್ಧವಾದರೂ ಈಡೇರಿದಂತೆ. ಒಳಗೆ ಹಗ್ಗ ಎಳೆದು, ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡುವಂಥವೇ ಹೆಚ್ಚು. ಪ್ರಯೋಗಾಲಯದ ಬೀರುವಿಗೆ ಬೀಗ ಹಾಕಿರುವ ಶಾಲೆಗಳ ಮಕ್ಕಳಿಗೆ ಇದಕ್ಕಿಂತ ಬೇರೇನು ಬೇಕು? ಮೂರು ತಾಸೂ ಕಡಿಮೆಯೇ ಎನ್ನುವುದು ನನ್ನ ಲೆಕ್ಕ. ತಾರಾಲಯದಲ್ಲಿ ಕನ್ನಡದ ಪ್ರದರ್ಶನ ಬೇರೆ, ಇಂಗ್ಲಿಷಿನದು ಬೇರೆ. ಕನ್ನಡದ್ದು ಎಷ್ಟು ಗಂಟೆಗೆ ಎಂದು ಫೋನ್ ಮಾಡಿ ಕೇಳಿದ್ದು ಆ ಗುಂಪಿನ ಹುಡುಗಿ. ಫೋನ್ ಇಟ್ಟ ಮೇಲೆ ಅವಳ ಅಂಗೈ ಬೆವರಿತ್ತು. ಕಾಣದ ಊರಿನ ಕಚೇರಿಯೊಂದರ ಜೊತೆ ಅವಳು ಮಾತಾಡಿದ್ದು ಅದೇ ಮೊದಲು.

ವಿಧಾನಸೌಧಕ್ಕೆ ಚಿತ್ರಕಲೆಯ ಮಾಸ್ತರರು ಒಂದೇ ಪ್ರಶ್ನೆ ಕೊಟ್ಟಿದ್ದಾರೆ: ನಮ್ಮ ತಾರಕೇಶ್ವರ ಗುಡಿಯ ಕಲ್ಲಿಗೂ ಅದರ ಕಲ್ಲಿಗೂ ಏನು ವ್ಯತ್ಯಾಸ? ಕೆತ್ತನೆ ಯಾವುದರಲ್ಲಿ ಸಣ್ಣ, ಯಾವುದರಲ್ಲಿ ದಪ್ಪ, ಯಾಕೆ? 1951ರಲ್ಲಿ ಅಡಿಗಲ್ಲು, 1956ರಲ್ಲಿ ಮುಗಿದದ್ದು, ಕಟ್ಟಿಸಿದವರು ಕೆಂಗಲ್ ಹನುಮಂತಯ್ಯ ಎಂಬುದೆಲ್ಲ ಪುಸ್ತಕದಲ್ಲೇ ಇದೆ. ಅದನ್ನು ಬರೆದುಕೊಳ್ಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾನಗಲ್ಲ ಗುಡಿಯ ತಾವರೆಯ ಛತ್ತನ್ನು ಸರಿಯಾಗಿ ನೋಡಿಲ್ಲವೆಂದು ನೆನಪಾಗಿ ನಾಲ್ವರು ಕಳೆದ ಭಾನುವಾರವೇ ಅಲ್ಲಿಗೆ ಹೋಗಿ ಬಂದರು.

ಒಪ್ಪಿಗೆ ಪತ್ರಗಳು ಬರುತ್ತಿವೆ. ಒಂದರಲ್ಲಿ ಅವ್ವನ ಹೆಬ್ಬೆಟ್ಟು, ಮತ್ತೊಂದರಲ್ಲಿ ಕೂಡಿಸಿ ಕೂಡಿಸಿ ಬರೆದ ಹೆಸರು. ಮೂರರಲ್ಲಿ ಮೂವರು ಅಪ್ಪಂದಿರ ಸಹಿಯೂ ಒಂದೇ ನೀಲಿ ಜೆಲ್ ಪೆನ್ನಿನದು, ಒಂದೇ ಓರೆ. ಪಿ.ಇ. ಮಾಸ್ತರರು ಏನೂ ಹೇಳದೆ ಮೂರನ್ನೂ ಮಡಚಿ ಹಿಂದಕ್ಕೆ ಕೊಟ್ಟರು. ಮರುದಿನ ಮೂವರು ಅಪ್ಪಂದಿರೂ ಖುದ್ದಾಗಿ ಶಾಲೆಯ ಬಾಗಿಲಲ್ಲಿದ್ದರು. ದುಡ್ಡಿನ ಮಾತು ಅಷ್ಟು ಸಲೀಸಲ್ಲ. ಮೆಕ್ಕೆಜೋಳ ಇನ್ನೂ ಮಾರಾಟವಾಗಿಲ್ಲ ಎನ್ನುವವರಿಗೆ ಕಂತು. ಕಂತೂ ಆಗದವರ ಹೆಸರುಗಳು ಟೀಚರ್ ಬ್ಯಾಗಿನ ಒಳಜೇಬಿನಲ್ಲಿವೆ. ಆ ಹೆಸರುಗಳನ್ನು ತರಗತಿಯಲ್ಲಿ ಓದುವುದಿಲ್ಲ. ಸ್ಟಾಫ್ ರೂಮಿನಲ್ಲಿ ಡಬ್ಬಿಯೊಂದು ಕೈಯಿಂದ ಕೈಗೆ ಹೋಯಿತು, ಅಷ್ಟೆ. ಅನುಕೂಲವಿದ್ದವರಷ್ಟೇ ಹತ್ತುವ ಬಸ್ಸನ್ನು ಶೈಕ್ಷಣಿಕ ಪ್ರವಾಸ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಉಳಿದದ್ದು ಸಾಮಾನಿನ ಪಟ್ಟಿ. ಮೊದಲ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮರುದಿನದಿಂದ ಇಳಿದುಕೊಳ್ಳುವ ಛತ್ರದಲ್ಲೇ ಅಡುಗೆ. ಹೊದಿಕೆ, ತಟ್ಟೆ, ಲೋಟ. ವಾಂತಿಯ ಮಾತ್ರೆ, ನಿಂಬೆಹಣ್ಣು, ಒಂದು ಕಟ್ಟು ಹಳೆಯ ಪೇಪರು. ಹುಡುಗಿಯರಿಗೆ ಬೇಕಾದದ್ದು ಟೀಚರ್ ಬ್ಯಾಗಿನಲ್ಲಿ, ಕೇಳಲು ನಾಚಿಕೊಳ್ಳುವವರಿಗಾಗಿ ಇಬ್ಬರು ಗೆಳತಿಯರ ಬ್ಯಾಗಿನಲ್ಲೂ. ಹೊಸ ಚಪ್ಪಲಿ ಹಾಕಿಕೊಂಡು ಬರಬಾರದು ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.

ಡಿಸೆಂಬರ್ ಬಂತೆಂದರೆ ಇಂಥ ಬಸ್ಸುಗಳು ಎಲ್ಲ ಜಿಲ್ಲೆಗಳಿಂದಲೂ ಬೆಂಗಳೂರಿನ ಕಡೆ ಹೊರಡುತ್ತವೆ. ಅಲ್ಲಿರುವವರಲ್ಲಿ ಒಂದು ಮಾತು. ಲಾಲ್‌ಬಾಗಿನ ಗೇಟಿನ ಬಳಿಯೋ ಕಸ್ತೂರಬಾ ರಸ್ತೆಯಲ್ಲೋ ಸಮವಸ್ತ್ರದ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಿಂತದ್ದು ಕಂಡರೆ, ಹಾರ್ನ್ ಹೊಡೆಯದೆ ಗಾಡಿ ನಿಲ್ಲಿಸಿ. ಕೊನೆಯಲ್ಲಿರುವ ಟೀಚರ್ ದಾಟುವವರೆಗೂ ನಿಲ್ಲಿಸಿ.