ಹಸೆಗೋಡೆಯ ಮೇಲೆ ಮನೆತನದ ಗುರುತು

ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಗೋಡೆಗೆ ಕೆಲಸ ಶುರು. ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಬಿಳಿ ಎಳೆಗಳಲ್ಲಿ ಚಿತ್ತಾರ ಬರೆಯಬೇಕು. ಮದುಮಕ್ಕಳು ಕೂರುವುದು ಈ ಹಸೆಗೋಡೆಯ ಮುಂದೆಯೇ.

ಬಣ್ಣಕ್ಕೆ ಅಂಗಡಿಗೆ ಹೋಗಬೇಕಿಲ್ಲ. ನೆನೆಸಿ ಅರೆದ ಅಕ್ಕಿ ಬಿಳಿಗೆ, ಹುರಿದು ಕರಕಲಾದ ಅಕ್ಕಿ ಕಪ್ಪಿಗೆ, ಹಳದಿಗೆ ಕಾಡಿನ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರಿನ ಒಂದು ಸಣ್ಣ ಕಟ್ಟು. ಬರೆಯುವವಳು ಚಿತ್ತಾರಗಿತ್ತಿ. ಅವಳ ಬಳಿ ಅಡಿಪಟ್ಟಿ ಇರುವುದಿಲ್ಲ, ಪೆನ್ಸಿಲ್ ಗುರುತೂ ಇಲ್ಲ. ನಾರನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ, ಹೆಚ್ಚಿನದನ್ನು ಬಟ್ಟಲಿನ ಅಂಚಿಗೆ ಒರೆಸಿ, ಗೋಡೆಗೆ ಮುಟ್ಟಿಸಿ ಎಳೆಯುತ್ತಾಳೆ. ಎಳೆಯುವಾಗ ನೀರಿನಂತೆ ಮಾಸಲಾಗಿ ಕಾಣುವ ಗೆರೆ ಒಣಗುತ್ತಾ ಬೆಳ್ಳಗಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ಕೈ ಅಲುಗಿದರೆ ಸಾಲು ಪೂರ್ತಿ ಸೊಟ್ಟಗಾಗುತ್ತದೆ. ಜೊತೆಗಿರುವ ಹೆಂಗಸರು ಹಾಡು ಹೇಳುತ್ತಿರುತ್ತಾರೆ.

ಎಳೆಗಳ ಚೌಕಟ್ಟಿನೊಳಗೆ ಮದುಮಕ್ಕಳು: ತುದಿಗೆ ತುದಿ ತಾಗಿಸಿದ ಎರಡು ತ್ರಿಕೋನವೇ ಒಂದು ಮೈ. ತಲೆಗೆ ಬಾಸಿಂಗ, ಕೆಲವೆಡೆ ಕೂರಲು ದಂಡಿಗೆ. ಸುತ್ತ ಭತ್ತದ ಸಸಿ, ಹೂವು, ಹಕ್ಕಿ, ಏಣಿ. ಹೆಸರಿಲ್ಲದ, ಮುಖವಿಲ್ಲದ ಈ ಜೋಡಿ ಯಾವ ಮನೆಯಲ್ಲಾದರೂ ಆ ಮನೆಯದೇ. ಅಜ್ಜಿಯಿಂದ ಮೊಮ್ಮಗಳಿಗೆ ಕೈಯಿಂದ ಕೈಗೆ ಬಂದದ್ದರಿಂದ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ರಾಜಮನೆತನಗಳ ಲಾಂಛನದಲ್ಲಿ ಸಿಂಹ, ಖಡ್ಗ ಕಂಡವರಿಗೆ ಇಲ್ಲಿ ಕಾಣುವುದು ಬೆಳೆ ಮತ್ತು ಬದುಕು. ಎರಡರಲ್ಲಿ ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಇದೇ.

ಗೋಡೆಗಿಂತಲೂ ನೋಡಬೇಕಾದದ್ದು ಬುಟ್ಟಿ. ಆಶ್ವೀಜದ ಹುಣ್ಣಿಮೆಗೆ ಭತ್ತದ ಗದ್ದೆ ತೆನೆಯನ್ನು ಒಡಲಲ್ಲಿಟ್ಟುಕೊಂಡು ಹೊಡೆಯಾಗಿರುತ್ತದೆ. ಭೂಮಿ ಬಸುರಿ, ಆಕೆಗೆ ಸೀಮಂತ. ಅದೇ ಭೂಮಿ ಹುಣ್ಣಿಮೆ. ಬಿದಿರಿನ ಬುಟ್ಟಿಗೆ ಮೊದಲು ಕೆಮ್ಮಣ್ಣು ಬಳಿದು, ಅದರ ಉಬ್ಬುತಗ್ಗಿನ ಮೇಲೆಯೇ ಚಿತ್ತಾರ ಬರೆಯುತ್ತಾರೆ. ಇದು ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲಾ ಅಡುಗೆ. ಬಗೆಬಗೆಯ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮುನ್ನ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ದು ಭೂಮಿಗೆ ಎಡೆಯಾಗಿ ಬೀರುತ್ತಾರೆ; ಇದೇ ಚರಗ. ಪೂಜೆಯಾದ ಮೇಲೆ ಊಟವೂ ಗದ್ದೆಯಲ್ಲೇ.

ಆದರೆ ಆ ಗದ್ದೆ ಯಾರದು? ಬಹುಕಾಲ ದೀವರು ಬೇರೆಯವರ ಭೂಮಿ ಗೇಯುವ ಗೇಣಿದಾರರು. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಸತ್ಯಾಗ್ರಹ ಹುಟ್ಟಿತು. ಎಚ್. ಗಣಪತಿಯಪ್ಪನವರ ಮುಂದಾಳ್ತನ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಬಳಗದ ಬೆಂಬಲ. ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಉಳುವವನಿಗೆ ಹೊಲದ ಹಕ್ಕು ಗಟ್ಟಿಯಾದದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1974ರ ಕಾಯ್ದೆಯಿಂದ. ಪಹಣಿಯಲ್ಲಿ ಹೆಸರಿಲ್ಲದ ಕಾಲದಲ್ಲೂ ಈ ಹೆಂಗಸರು ಮಣ್ಣಿಗೆ ಸೀಮಂತ ಮಾಡುತ್ತಿದ್ದರು. ಚಿತ್ತಾರವನ್ನು ಬರಿಯ ಅಲಂಕಾರ ಎನ್ನುವವರು ಇದನ್ನು ಮರೆಯಬಾರದು.

ಈಗ ಹಲವೆಡೆ ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದಿದೆ. ಚಿತ್ತಾರ ಕಾಗದಕ್ಕೆ, ಬಟ್ಟೆಗೆ, ಚೌಕಟ್ಟು ಹಾಕಿದ ಹಲಗೆಗೆ ಹತ್ತಿದೆ. ಅಂಗಡಿ ಬಣ್ಣವೂ ಸೇರಿದೆ. ಇದರಿಂದ ನಾಲ್ಕು ಕಾಸು ಸಿಗುವುದಾದರೆ ಮೂಗು ಮುರಿಯುವುದೇಕೆ? ನನ್ನ ತಕರಾರು ಬೇರೆ: ಬರೆದವಳ ಹೆಸರನ್ನೇ ಹಾಕದೆ ಯಂತ್ರದಲ್ಲಿ ಅಚ್ಚೊತ್ತಿ ಮಾರುವುದು.

ಚಿತ್ತಾರ ಕೊಳ್ಳುವ ಮನಸ್ಸಿದ್ದರೆ ಬರೆದವರಿಂದಲೇ ಕೊಳ್ಳಿ, ಯಾವ ಎಳೆಗೆ ಏನು ಹೆಸರು ಎಂದು ಕೇಳಿ. ಭೂಮಿ ಹುಣ್ಣಿಮೆ ನೋಡಲು ಹೋಗುವವರು ಮನೆಯವರ ಅಪ್ಪಣೆ ಪಡೆದೇ ಮೊಬೈಲ್ ತೆಗೆಯಿರಿ. ಅದು ಅವರ ಮನೆಯ ಪೂಜೆ.